ಊರಾಚೆ ನಿಂತಿರೋ ಆ ಕಲ್ಲು ಯಾರದು? ವೀರಗಲ್ಲು, ಮಾಸ್ತಿಗಲ್ಲು, ನಿಸಿಧಿ ಓದೋದು ಹೇಗೆ

ನಮ್ಮ ಕಡೆ ಯಾವ ಹಳ್ಳಿಗೆ ಹೋದ್ರೂ ಕೆರೆ ಏರಿ ಮೇಲೋ, ಊರಬಾಗಿಲ ಹತ್ರನೋ, ಈಶ್ವರನ ಗುಡಿ ಹಿಂದ್ಗಡೆನೋ ಕೆತ್ತನೆ ಇರೋ ಒಂದು ಕಲ್ಲಾದ್ರೂ ಸಿಗತ್ತೆ. ಅರ್ಧ ಮಣ್ಣೊಳಗೆ ಹೋಗಿರತ್ತೆ, ಮೇಲೆ ಎಣ್ಣೆ ಕುಂಕುಮ ಮೆತ್ಕೊಂಡಿರತ್ತೆ, ಕೇಳಿದ್ರೆ "ಅದ್ಯಾವ್ದೋ ಹಳೇ ದೇವ್ರು" ಅಂತಾರೆ, ಇನ್ ಕೆಲವ್ರು ಕೆಳಗಡೆ ನಿಧಿ ಇದೆ ಅಂತ ಗುಸುಗುಸು ಮಾತಾಡ್ತಾರೆ. ನಿಧಿ ಗಿಧಿ ಏನೂ ಇಲ್ಲ. ಬಹಳಷ್ಟು ಸಲ ಅದು ಅದೇ ಊರಿನ ಯಾರೋ ಒಬ್ರು ಸತ್ತಾಗ ಅವ್ರ ನೆನಪಿಗೆ ನಿಲ್ಸಿದ ಕಲ್ಲು, ಸಾವಿರ ವರ್ಷದ ಹಿಂದಿನದೂ ಆಗಿರ್ಬೋದು.

ಈ ಕಲ್ಲುಗಳ ವಿಶೇಷ ಏನಂದ್ರೆ ಓದೋಕೆ ಹಳಗನ್ನಡ ಬರ್ಲೇಬೇಕು ಅಂತೇನಿಲ್ಲ. ಎಷ್ಟೋ ಕಲ್ಲಲ್ಲಿ ಒಂದಕ್ಷರಾನೂ ಇಲ್ಲ, ಬರೀ ಚಿತ್ರ. ಆ ಮನುಷ್ಯ ಹೇಗೆ ಸತ್ತ, ಯಾಕೆ ಸತ್ತ, ಯಾವ ದೇವರ ಭಕ್ತ, ಜೊತೆಗೆ ಯಾರು ಹೋದ್ರು, ಎಲ್ಲಾನೂ ಚಿತ್ರದಲ್ಲೇ ಇದೆ. ಅದಕ್ಕೆ ಹೇಳ್ತೀನಿ, ಮೊದ್ಲು ಚಿತ್ರ ಓದಿ, ಅಕ್ಷರ ಆಮೇಲೆ. ಅರಸರ ಶಾಸನಗಳಲ್ಲಿ ಬಿರುದುಗಳೇ ಅರ್ಧ ಕಲ್ಲು ತುಂಬಿರತ್ತೆ, ಇಲ್ಲಿ ಹಾಗಲ್ಲ, ದನ ಕಾಯೋನು, ಗೌಡನ ಮಗ, ಬೇಟೆಗಾರ, ಊರು ಕಾಯೋಕೆ ನಿಂತೋನು, ಇಂಥವ್ರು ನಮ್ಮ ಚರಿತ್ರೆಯಲ್ಲಿ ಕಾಣಿಸ್ಕೊಳ್ಳೋದು ಹೆಚ್ಚುಕಮ್ಮಿ ಈ ಕಲ್ಲುಗಳಲ್ಲಿ ಮಾತ್ರ.

1. ಮೊದ್ಲು ಇದು ಸತ್ತವರ ಕಲ್ಲೇನಾ ಅಂತ ನೋಡ್ಕೊಳ್ಳಿ

ಹಳೇ ಕಲ್ಲು ಅಂದ್ರೆಲ್ಲಾ ವೀರಗಲ್ಲಲ್ಲ. ಕಲ್ಲಿನ ತಲೆಭಾಗದಲ್ಲಿ ಮಾತ್ರ ಸಣ್ಣ ಚಿತ್ರ ಇದ್ದು, ನಡುವೆ ಲಿಂಗ, ಪಕ್ಕದಲ್ಲಿ ಕರುಗೆ ಹಾಲುಣಿಸ್ತಿರೋ ಹಸು, ಒಂದು ಕತ್ತಿ, ಸೂರ್ಯ ಚಂದ್ರ ಇದ್ದು ಕೆಳಗಡೆ ಪೂರ್ತಿ ಸಾಲುಸಾಲಾಗಿ ಅಕ್ಷರ ಇದ್ರೆ ಅದು ದಾನಶಾಸನ. ದೇವಸ್ಥಾನಕ್ಕೋ ಬ್ರಾಹ್ಮಣರಿಗೋ ಕೆರೆಗೋ ಭೂಮಿ ಬಿಟ್ಟಿದ್ದರ ದಾಖಲೆ. ಬರೀ ಲಿಂಗ ಅಥವಾ ವಾಮನನ ಚಿತ್ರ ಇರೋ ಗಿಡ್ಡ ಕಲ್ಲು ಹೊಲದ ಅಂಚಲ್ಲಿದ್ರೆ ಅದು ದಾನ ಕೊಟ್ಟ ಜಮೀನಿನ ಗಡಿಕಲ್ಲು, ಲಿಂಗಮುದ್ರೆ ಕಲ್ಲು, ವಾಮನಮುದ್ರೆ ಕಲ್ಲು ಅಂತಾರೆ. ಜೈನ ಬಸದಿಯ ಜಮೀನಾದ್ರೆ ಒಂದರ ಮೇಲೊಂದು ಮೂರು ಕೊಡೆ ಇರೋ ಮುಕ್ಕೊಡೆ ಕಲ್ಲು. ಹೆಣೆದುಕೊಂಡಿರೋ ಹಾವಿದ್ರೆ ಅದು ನಾಗರಕಲ್ಲು, ಅಶ್ವತ್ಥಕಟ್ಟೆ ಮೇಲೆ ಹರಕೆಗೆ ಇಟ್ಟಿದ್ದು.

ಸತ್ತವರ ಕಲ್ಲಲ್ಲಿ ಮನುಷ್ಯನೇ ಮುಖ್ಯ. ಆಯುಧ ಹಿಡಿದ ಗಂಡಸು ಇದ್ರೆ ವೀರಗಲ್ಲು, ಹಳ್ಳಿ ಬಾಯಲ್ಲಿ ಬೀರಗಲ್ಲು. ಮೇಲಕ್ಕೆತ್ತಿದ ಒಂದು ಹೆಣ್ಣಿನ ತೋಳಿದ್ರೆ ಮಾಸ್ತಿಗಲ್ಲು, ಅಂದ್ರೆ ಗಂಡ ಸತ್ತಾಗ ಚಿತೆ ಹತ್ತಿದವಳ ಕಲ್ಲು. ಜಿನಬಿಂಬದ ಕೆಳಗೆ ಆಯುಧ ಇಲ್ಲದೆ ಕೈಮುಗಿದು ಕೂತೋರಿದ್ರೆ ನಿಸಿಧಿ, ಅಂದ್ರೆ ವ್ರತ ಹಿಡಿದು ದೇಹ ಬಿಟ್ಟ ಜೈನರ ಕಲ್ಲು.

2. ಬೆಳಕು ನೋಡ್ಕೊಂಡು ಹೋಗಿ

ಮಧ್ಯಾಹ್ನ 12 ಗಂಟೆಗೆ ಹೋದ್ರೆ ಏನೂ ಕಾಣಲ್ಲ. ಸೂರ್ಯ ನೆತ್ತಿ ಮೇಲಿದ್ದಾಗ ಸವೆದ ಕೆತ್ತನೆಗೆ ನೆರಳೇ ಬೀಳಲ್ಲ, ಇಡೀ ಕಲ್ಲು ಸಪಾಟಾಗಿ ಕಾಣತ್ತೆ. ಬೆಳಿಗ್ಗೆ ಬೇಗ ಅಥವಾ ಸಂಜೆ ಬಿಸಿಲು ಓರೆಯಾಗಿ ಬೀಳೋ ಹೊತ್ತಲ್ಲಿ ಅದೇ ಕಲ್ಲಲ್ಲಿ ಬೆರಳು, ಬಳೆ, ಬಾಣದ ಗರಿ ಎಲ್ಲಾ ಎದ್ದು ಬರತ್ತೆ. ಕಲ್ಲು ಮರದ ನೆರಳಲ್ಲೋ ಮಂಟಪದೊಳಗೋ ಇದ್ರೆ ಮೊಬೈಲ್ ಟಾರ್ಚನ್ನ ಕಲ್ಲಿನ ಎದುರಿಗೆ ಹಿಡೀಬೇಡಿ, ಪಕ್ಕದಿಂದ ಕಲ್ಲಿಗೆ ಒರಗಿಸಿದಂಗೆ ಹಿಡೀರಿ, ಎಡದಿಂದ ಒಂದ್ಸಲ ಬಲದಿಂದ ಒಂದ್ಸಲ. ಫೋಟೋ ಇನ್ನೊಬ್ರ ಕೈಲಿ ತೆಗೆಸಿದ್ರೆ ಸುಲಭ.

ಹಾಗೇ ಊರಲ್ಲಿ ಒಬ್ರಿಗೆ ಹೇಳಿ ಹೋಗಿ. ನಿಧಿ ಹುಡುಕೋರ ಕಾಟದಿಂದ ಎಷ್ಟೋ ಊರಲ್ಲಿ ಜನ ಅಪರಿಚಿತರನ್ನ ಅನುಮಾನದಿಂದ ನೋಡ್ತಾರೆ, ಅದು ಅವ್ರ ತಪ್ಪಲ್ಲ. "ಅಜ್ಜಾ, ಈ ಕಲ್ಲು ನೋಡ್ಬೋದಾ, ನೀವ್ ಇದಕ್ಕೆ ಏನಂತ ಕರೀತೀರಾ" ಅಂತ ಕೇಳಿದ್ರೆ ಅವ್ರೇ ಬಂದು ಇನ್ನೂ ಎರಡು ಕಲ್ಲು ತೋರಿಸ್ತಾರೆ. ಪೂಜೆ ನಡೀತಿರೋ ಕಲ್ಲಾದ್ರೆ ಚಪ್ಪಲಿ ಬಿಟ್ಟು ಹೋಗಿ.

3. ವೀರಗಲ್ಲನ್ನ ಕೆಳಗಿಂದ ಮೇಲಕ್ಕೆ ಓದಿ

ಇದೊಂದು ಗೊತ್ತಾದ್ರೆ ಅರ್ಧ ಕೆಲಸ ಆದಂಗೆ. ನಾವು ಪುಸ್ತಕ ಮೇಲಿಂದ ಕೆಳಗೆ ಓದಿ ರೂಢಿ, ವೀರಗಲ್ಲು ಉಲ್ಟಾ. ಸಾಮಾನ್ಯವಾಗಿ ಅಡ್ಡಪಟ್ಟಿಗಳಿಂದ ಬೇರೆ ಮಾಡಿರೋ ಮೂರು ಅಂತಸ್ತು ಇರತ್ತೆ, ಕೆಲವದ್ರಲ್ಲಿ ನಾಲ್ಕು ಐದೂ ಇರ್ತವೆ, ಆ ಅಡ್ಡಪಟ್ಟಿಗಳ ಮೇಲೇ ಎಷ್ಟೋ ಸಲ ಶಾಸನ ಬರೆದಿರ್ತಾರೆ.

ಕೆಳಗಿನ ಅಂತಸ್ತು ಭೂಮಿ, ಅವನು ಸತ್ತ ಜಾಗ. ಇಲ್ಲಿ ಟೈಮ್ ತಗೊಳ್ಳಿ. ಯಾರು ದೊಡ್ಡದಾಗಿ ಕಾಣ್ತಾನೋ ಅವನೇ ವೀರ, ಶಿಲ್ಪಿ ಬೇಕಂತಾನೇ ಅವನನ್ನ ದೊಡ್ಡದು ಮಾಡಿರ್ತಾನೆ. ಈಗ ಅವನ ಸುತ್ತ ಏನಿದೆ ನೋಡಿ. ಮೂಲೆಯಲ್ಲಿ ಅಥವಾ ಕಾಲ ಹತ್ರ ಒಂದರ ಹಿಂದೊಂದು ದನಗಳ ತಲೆ ಕಾಣ್ತಿದ್ರೆ ಅದು ತುರುಗೋಳು, ಅಂದ್ರೆ ಬೇರೆ ಕಡೆಯವ್ರು ಬಂದು ಊರ ದನ ಹೊಡ್ಕೊಂಡು ಹೋಗೋವಾಗ ಬಿಡಿಸೋಕೆ ಹೋಗಿ ಸತ್ತಿದ್ದು. ನಮ್ಮ ವೀರಗಲ್ಲುಗಳಲ್ಲಿ ಇದು ಬಹಳ ಸಿಗತ್ತೆ, ಯಾಕಂದ್ರೆ ಆವಾಗ ದನ ಅಂದ್ರೆನೇ ಆಸ್ತಿ, ಒಂದೂರಿನ ದನ ಹೋಯ್ತು ಅಂದ್ರೆ ಉಳುಮೆ ಹೋಯ್ತು ಹಾಲು ಹೋಯ್ತು ಗೊಬ್ಬರ ಹೋಯ್ತು, ಊರೇ ಮುಳುಗಿದಂಗೆ. ಶಾಸನದಲ್ಲಿ ಇದನ್ನೇ ತುಱುವಂ ಮಗುಳ್ಚಿ ಸತ್ತ ಅಂತ ಬರೀತಾರೆ, ದನ ವಾಪಸ್ ತಂದು ಸತ್ತ ಅಂತ. ಅಂದ್ರೆ ಅವನು ಸತ್ರೂ ಕೆಲಸ ಆಗಿದೆ.

ಹುಲಿ ಅಥವಾ ಹಂದಿ ಮೈಮೇಲೆ ಬೀಳ್ತಿದ್ರೆ ಬೇಟೆಯಲ್ಲೋ ಊರಿಗೆ ಬಂದ ಪ್ರಾಣಿ ಹೊಡೆಯೋಕೆ ಹೋಗಿಯೋ ಸತ್ತವನು. ಕುದುರೆ ಮೇಲಿದ್ರೆ ರಾವುತ. ಆನೆ ಇದ್ರೆ ದೊಡ್ಡ ಯುದ್ಧ, ಅರಸರ ಕಡೆಯ ಕಾಳಗ. ಹೆಣ್ಣುಮಕ್ಕಳನ್ನ ಎಳೆದಾಡ್ತಿರೋ ದೃಶ್ಯ ಇದ್ರೆ ಅವ್ರ ಮಾನ ಕಾಯೋಕೆ ಹೋರಾಡಿದ್ದು, ಶಾಸನಗಳಲ್ಲಿ ಪೆಣ್ಬುಯ್ಯಲ್ ಅಂತ ಬರತ್ತೆ. ದಾಳಿ ಮಾಡಿದೋರು ಊರನ್ನೇ ನಾಶ ಮಾಡೋವಾಗ ಎದುರು ನಿಂತು ಸತ್ತಿದ್ದು ಊರಳಿವು. ದೋಣಿ, ಹಡಗು, ಹುಟ್ಟು ಹಾಕೋರ ಸಾಲು ಇದ್ರೆ ಸಮುದ್ರ ಅಥವಾ ಹೊಳೆ ಯುದ್ಧ, ಇವು ಗೋವಾ ಕೊಂಕಣದ ಕಡೆ ಸಿಗತ್ತೆ, ಗೋವಾ ಕದಂಬರ ಕಾಲದ ಇಂಥ ಕಲ್ಲುಗಳಿವೆ, ಮುಂಬೈನ ಬೊರಿವಲಿ ಹತ್ರ ಎಕ್ಸಾರ್‌ನಲ್ಲೂ ಹಡಗಿನ ಯುದ್ಧದ ವೀರಗಲ್ಲುಗಳಿವೆ.

ಮೈಮೇಲಿನ ಗಾಯ ನೋಡಿ. ಎದೆಗೆ, ಹೊಟ್ಟೆಗೆ ಬಾಣ ಚುಚ್ಕೊಂಡಿರತ್ತೆ, ಆದ್ರೂ ಕೈಲಿರೋ ಬಿಲ್ಲು ಎಳೀತಾನೇ ಇರ್ತಾನೆ. ಬೆನ್ನಿಗೆ ಬಾಣ ಬಿದ್ದಿರೋ ವೀರನನ್ನ ಹುಡುಕಿ ನೋಡಿ, ಸಿಗೋದು ಕಷ್ಟ. ಕಾಲ ಕೆಳಗೆ ಬಿದ್ದಿರೋರು ಅವನು ಕೊಂದ ಎದುರಾಳಿಗಳು. ತಲೆ ಮೇಲೆ ಯಾರಾದ್ರೂ ಸತ್ತಿಗೆ (ಛತ್ರಿ) ಹಿಡಿದಿದ್ರೆ ಅವನು ಸಾಮಾನ್ಯ ಆಳಲ್ಲ, ನಾಯಕನೋ ಅಧಿಕಾರಿಯೋ ಇರ್ಬೇಕು.

ನಡುವಿನ ಅಂತಸ್ತು ಪ್ರಯಾಣ. ಎಡಕ್ಕೊಬ್ಳು ಬಲಕ್ಕೊಬ್ಳು ಅಪ್ಸರೆಯರು, ಅವ್ರ ತೋಳಿನ ಮೇಲೆ ವೀರ ಕೈ ಹಾಕಿರ್ತಾನೆ, ಅವ್ರು ಮೇಲಕ್ಕೆ ಎತ್ಕೊಂಡು ಹೋಗ್ತಿರ್ತಾರೆ. ಕೆಲವದ್ರಲ್ಲಿ ಪಲ್ಲಕ್ಕಿ ಥರದ ವಿಮಾನ ಇರತ್ತೆ, ಚಾಮರ ಬೀಸೋರು, ಹೂಮಾಲೆ ಹಿಡಿದೋರು, ಕಹಳೆ ಊದೋರು. ಒಂದ್ ವಿಷಯ ಗಮನಿಸಿ, ಕೆಳಗಡೆ ಬಾಣ ತುಂಬ್ಕೊಂಡಿದ್ದ ಮೈ ಇಲ್ಲಿ ಪೂರ್ತಿ ವಾಸಿಯಾಗಿರತ್ತೆ, ಆಯುಧಾನೂ ಇರಲ್ಲ. ಈ ನಂಬಿಕೆಯನ್ನೇ ಹೇಳೋ ಒಂದು ಸಂಸ್ಕೃತ ಶ್ಲೋಕ ವೀರಗಲ್ಲಿನ ಶಾಸನಗಳಲ್ಲಿ ಮತ್ತೆ ಮತ್ತೆ ಬರತ್ತೆ: ಜಿತೇನ ಲಭ್ಯತೇ ಲಕ್ಷ್ಮೀ ಮೃತೇನಾಪಿ ಸುರಾಂಗನಾ, ಕ್ಷಣವಿಧ್ವಂಸಿನಿ ಕಾಯೇ ಕಾ ಚಿಂತಾ ಮರಣೇ ರಣೇ. ಗೆದ್ರೆ ಸಂಪತ್ತು, ಸತ್ರೆ ಅಪ್ಸರೆ, ಕ್ಷಣದಲ್ಲಿ ಹೋಗೋ ಮೈಗೆ ರಣದಲ್ಲಿ ಸಾಯೋ ಚಿಂತೆ ಯಾಕೆ ಅಂತ. ಸೈನಿಕರನ್ನ ಯುದ್ಧಕ್ಕೆ ಹುರಿದುಂಬಿಸೋ ಮಾತು ಇದು, ನನಗೇನೋ ಓದಿದಾಗೆಲ್ಲಾ ಆ ಹುಡುಗನ ತಾಯಿಗೆ ಇದ್ರಿಂದ ಎಷ್ಟು ಸಮಾಧಾನ ಆಗಿರ್ಬೋದು ಅನ್ಸತ್ತೆ.

ಮೇಲಿನ ಅಂತಸ್ತು ಮುಟ್ಟಿದ ಜಾಗ. ಅವನು ಈಗ ಕೈಮುಗಿದು ಪದ್ಮಾಸನದಲ್ಲಿ ಕೂತಿರ್ತಾನೆ, ಮುಂದೆ ಲಿಂಗ, ಪಕ್ಕದಲ್ಲಿ ನಂದಿ, ಲಿಂಗಕ್ಕೆ ಪೂಜೆ ಮಾಡ್ತಿರೋ ಒಬ್ಬ ಯತಿ ಅಥವಾ ಪೂಜಾರಿ. ಅಂದ್ರೆ ಕೈಲಾಸ. ಲಿಂಗದ ಬದಲು ವಿಷ್ಣು ಇದ್ರೆ ವೈಷ್ಣವ, ಜಿನ ಇದ್ರೆ ಜೈನ. ಹೌದು, ಜೈನರಲ್ಲೂ ಯುದ್ಧದಲ್ಲಿ ಸತ್ತ ವೀರರ ಕಲ್ಲುಗಳಿವೆ, ಗಂಗರು, ಹೊಯ್ಸಳರ ದೊಡ್ಡ ದೊಡ್ಡ ದಂಡನಾಯಕರಲ್ಲಿ ಎಷ್ಟೋ ಜನ ಜೈನರೇ ಇದ್ರು.

ಎಲ್ಲಕ್ಕಿಂತ ಮೇಲೆ ಸೂರ್ಯ ಚಂದ್ರ. ಸೂರ್ಯ ಪೂರ್ತಿ ಗುಂಡಗೆ, ಚಂದ್ರ ಕುಡುಗೋಲಿನಂಗೆ ಬಾಗಿದ ಗೆರೆ. ಅವೆರಡೂ ಇರೋವರೆಗೆ ಈ ಹೆಸರು ಇರ್ಲಿ ಅಂತ. ಶಾಸನದಲ್ಲಿ ಆಚಂದ್ರಾರ್ಕ ಅಂತ ಬರೆಯೋದನ್ನೇ ಚಿತ್ರದಲ್ಲಿ ಹಾಕಿರೋದು. ತುದಿಯಲ್ಲಿ ಕಲಶ, ಕೆಲವದ್ರಲ್ಲಿ ಬಾಯಿ ತೆರೆದ ಸಿಂಹದ ಮುಖ.

4. ಮೂರು ಅಂತಸ್ತು ಇಲ್ದೇ ಇದ್ರೆ ಗಾಬರಿ ಬೇಡ

ಹಳೇ ಕಾಲದವು, ಮುಖ್ಯವಾಗಿ ಗಂಗರ ಕಾಲದವು, ಎಷ್ಟೋ ಕಡೆ ಒಂದೇ ಚಿತ್ರ. ಒಬ್ಬ ವೀರ, ಕೈಲಿ ಕತ್ತಿ ಅಥವಾ ಬಿಲ್ಲು, ಸುತ್ತ ಅಕ್ಷರ, ಮುಗೀತು. ಕಲ್ಯಾಣ ಚಾಲುಕ್ಯರು, ಹೊಯ್ಸಳರ ಕಾಲಕ್ಕೆ ಬಂದಾಗ ಅಂತಸ್ತುಗಳು, ಕಂಬಗಳು, ಆಭರಣ, ಗುಡಿ ಶಿಖರದಂಥ ಮೇಲ್ಭಾಗ ಎಲ್ಲಾ ಸೇರ್ಕೊಂಡು ಕೆತ್ತನೆ ಬಹಳ ನಾಜೂಕಾಗತ್ತೆ. ವಿಜಯನಗರದ ಕಾಲ ಮತ್ತು ಆಮೇಲೆ ಮತ್ತೆ ಸರಳ, ಉಬ್ಬು ಕಮ್ಮಿ, ವೀರನ ಪಕ್ಕದಲ್ಲೇ ಹೆಂಡ್ತಿನೂ ನಿಂತಿರೋದು ಜಾಸ್ತಿ. ಇದು ಅಂದಾಜಿಗೆ ಮಾತ್ರ. ಒಂದೇ ಕಾಲದಲ್ಲಿ ರಾಜಧಾನಿ ಹತ್ರ ಒಂಥರ, ಕಾಡಂಚಿನ ಹಳ್ಳಿಯಲ್ಲಿ ಇನ್ನೊಂಥರ ಕೆತ್ತಿರ್ತಾರೆ, ದುಡ್ಡು ಕೊಟ್ಟವರ ಕೈ ಎಷ್ಟು ಬಿಗಿಯಿತ್ತು ಅನ್ನೋದೂ ಕಲ್ಲಲ್ಲಿ ಕಾಣತ್ತೆ.

ಒಂದು ಕಲ್ಲನ್ನ ಹತ್ತಿರದಿಂದ ನೋಡೋಣ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲು, ಕ್ರಿ.ಶ. 949-50ರದ್ದು, ಈಗ ಬೆಂಗಳೂರು ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಂನಲ್ಲಿದೆ. ಇದರಲ್ಲಿ ಮನುಷ್ಯನೇ ಇಲ್ಲ. ಒಂದು ನಾಯಿ, ಒಂದು ಕಾಡುಹಂದಿ, ಎರಡೂ ಮುಖಾಮುಖಿ ಕಚ್ಚಾಡ್ತಿವೆ, ಸುತ್ತ ಹಳಗನ್ನಡ ಅಕ್ಷರ. ಕಥೆ ಏನಂದ್ರೆ ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯ ಸತ್ತ, ರಾಷ್ಟ್ರಕೂಟ ಮೂರನೇ ಕೃಷ್ಣನ ಕಡೆ ಗಂಗರ ಬೂತುಗ ಇದ್ದ, ಬೂತುಗನ ಸೇವಕ ಮಣಲೇರ ಚೆನ್ನಾಗಿ ಹೋರಾಡಿದ್ದ. ಏನ್ ಬೇಕು ಕೇಳು ಅಂದಾಗ ಅವನು ಊರು ಕೇಳ್ಲಿಲ್ಲ ಹೊನ್ನು ಕೇಳ್ಲಿಲ್ಲ, ಕಾಳಿ ಅನ್ನೋ ನಾಯಿ ಕೇಳ್ದ. ಆಮೇಲೆ ಬೆಳತೂರಿನ ಹತ್ರ ಬೆಟ್ಟದಲ್ಲಿ ಆ ಕಾಳಿಯನ್ನ ದೊಡ್ಡ ಹಂದಿ ಮೇಲೆ ಬಿಟ್ಟಾಗ ಹಂದಿನೂ ಸತ್ತಿತು, ಕಾಳಿನೂ ಸತ್ತಿತು. ಆತಕೂರಿನ ಚಲ್ಲೇಶ್ವರನ ಗುಡಿ ಮುಂದೆ ಕಲ್ಲು ನಿಲ್ಸಿ ಪೂಜೆಗೆ ಭೂಮಿ ಬಿಟ್ರು, ಗುಡಿ ನೋಡ್ಕೊಳ್ಳೋ ಗೊರವ ಈ ಕಲ್ಲಿಗೆ ಪೂಜೆ ಮಾಡ್ದೇ ಊಟ ಮಾಡಿದ್ರೆ ಪಾಪ ತಟ್ಟತ್ತೆ ಅಂತ ಶಾಪಾನೂ ಬರೆಸಿದ್ರು. ಶಾಲೆಯ ಇತಿಹಾಸದ ಪಾಠಕ್ಕೆ ತಕ್ಕೋಲದ ಯುದ್ಧ ಬೇಕು, ಆ ಯುದ್ಧದ ಮುಖ್ಯ ಆಧಾರಗಳಲ್ಲಿ ಒಂದು ಈ ನಾಯಿಯ ಸಮಾಧಿಕಲ್ಲು. ಮ್ಯೂಸಿಯಂಗೆ ಹೋದಾಗ ಇದರ ಮುಂದೆ ಸ್ವಲ್ಪ ಹೊತ್ತು ನಿಂತ್ಕೊಳ್ಳಿ ದಯವಿಟ್ಟು.

5. ಮಾಸ್ತಿಗಲ್ಲು: ತೋಳು, ಬಳೆ, ನಿಂಬೆಹಣ್ಣು

ಗಂಡ ಸತ್ತಾಗ ಚಿತೆ ಹತ್ತಿದ ಹೆಣ್ಣಿನ ನೆನಪಿನ ಕಲ್ಲು ಇದು. ಗುರುತು ಸುಲಭ: ಒಂದು ಕಂಬದಿಂದ ತೋಳು ಹೊರಬಂದಿರತ್ತೆ, ಮೊಣಕೈಯಲ್ಲಿ ಮಡಚಿ ಅಂಗೈ ಮೇಲಕ್ಕೆತ್ತಿ ಅಭಯ ಕೊಡೋ ಥರ. ಕೈ ತುಂಬಾ ಬಳೆ. ಬಳೆ ಯಾಕೆ ಮುಖ್ಯ ಅಂದ್ರೆ ಅವಳು ವಿಧವೆಯಾಗಿ ಬದುಕ್ಲಿಲ್ಲ, ಮುತ್ತೈದೆಯಾಗೇ ಹೋದ್ಲು ಅನ್ನೋದನ್ನ ಶಿಲ್ಪಿ ಬಳೆಯಿಂದ ಹೇಳ್ತಾನೆ. ಬೆರಳ ಸಂದಿಯಲ್ಲಿ ನಿಂಬೆಹಣ್ಣು ಇರ್ಬೋದು, ಪೂರ್ತಿ ಹೆಣ್ಣಿನ ಚಿತ್ರ ಇದ್ರೆ ಇನ್ನೊಂದು ಕೈಲಿ ಕನ್ನಡಿ ಇರ್ಬೋದು. ಕಂಬದಿಂದ ಎರಡು ತೋಳು ಬಂದಿದ್ರೆ ಇಬ್ರು. ವೀರಗಲ್ಲಿನಲ್ಲೇ ಗಂಡನ ಪಕ್ಕ ಕೈಯೆತ್ತಿ ನಿಂತಿದ್ರೆ ಅದು ವೀರಗಲ್ಲೂ ಹೌದು ಮಾಸ್ತಿಗಲ್ಲೂ ಹೌದು. ಹಳ್ಳಿಗಳಲ್ಲಿ ಮಾಸ್ತಮ್ಮ ಅಂತ ಪೂಜೆ ಮಾಡ್ತಾರೆ, ಮದುವೆ ಆದೋರು ಬಂದು ಬಳೆ, ಅರಿಶಿನ ಇಟ್ಟು ಹೋಗ್ತಾರೆ.

ಈ ಕಲ್ಲುಗಳ ಮುಂದೆ ನಿಂತಾಗ ಬರೀ ತ್ಯಾಗ, ಪಾತಿವ್ರತ್ಯ ಅಂತ ಹೊಗಳಿ ಮುಂದೆ ಹೋಗೋಕೆ ನನಗೆ ಮನಸ್ಸು ಬರಲ್ಲ. ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರಿನಲ್ಲಿ ದೇಕಬ್ಬೆ ಅನ್ನೋ ಹೆಣ್ಣುಮಗಳ 1057ರ ಶಾಸನ ಇದೆ. ಗಂಡ ಸತ್ತ ಸುದ್ದಿ ಕೇಳಿ ಬೆಂಕಿಗೆ ಹೋಗ್ತೀನಿ ಅಂದಾಗ ಅಪ್ಪ ಅಮ್ಮ ಬೇಡ ಬೇಡ ಅಂತ ತಡೆದಿದ್ದನ್ನೂ ಅದೇ ಶಾಸನ ಹೇಳತ್ತೆ. ತಡೆದವರೂ ಇದ್ರು, ಅತ್ತವರೂ ಇದ್ರು. ಬಳೆ ತುಂಬಿದ ಆ ಕೈ ನೋಡೋವಾಗ ಅವ್ರನ್ನೂ ನೆನಪಲ್ಲಿಟ್ಕೊಂಡು ನೋಡಿ.

ಹೆಣ್ಣಿನ ಕಲ್ಲು ಅಂದ್ರೆ ಮಾಸ್ತಿ ಮಾತ್ರ ಅಂತ ಅನ್ಕೊಳ್ಳೋದೂ ಬೇಡ. ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯಲ್ಲಿ ಜಕ್ಕಿಯಬ್ಬೆ ಶಾಸನ ಇದೆ, 10ನೇ ಶತಮಾನದ ಮೊದಲ ಭಾಗದ್ದು. ಗಂಡ ಸತ್ತ ಮೇಲೆ ನಾಗರಖಂಡ 70 ಅನ್ನೋ ನಾಡಿನ ನಾಳ್ಗಾವುಂಡಿಕೆ, ಅಂದ್ರೆ ನಾಡಗೌಡಿಕೆ, ಇವಳಿಗೇ ಬಂತು, ವರ್ಷಗಟ್ಲೆ ಆಡಳಿತ ಮಾಡಿದ್ಲು, ಕಾಯಿಲೆ ಬಿದ್ದಾಗ ಅಧಿಕಾರ ಮಗಳಿಗೆ ವಹಿಸಿ ಬಂದಳಿಕೆ ಬಸದಿಗೆ ಬಂದು ಸಲ್ಲೇಖನ, ಅಂದ್ರೆ ಊಟ ಬಿಟ್ಟು ದೇಹ ಬಿಡೋ ಜೈನ ವ್ರತ, ತಗೊಂಡ್ಲು.

6. ನಿಸಿಧಿ: ಆಯುಧ ಇಲ್ಲದ ಕಲ್ಲು

ಜೈನರಲ್ಲಿ ಊಟ ನೀರು ಬಿಟ್ಟು ಶಾಂತವಾಗಿ ದೇಹ ಬಿಡೋ ವ್ರತ ಸಲ್ಲೇಖನ, ಹಾಗೆ ಹೋದವರ ಕಲ್ಲು ನಿಸಿಧಿ. ಇಲ್ಲಿ ಯುದ್ಧ ಇಲ್ಲ, ಗಡಿಬಿಡಿ ಇಲ್ಲ. ಮೇಲೆ ಮುಕ್ಕೊಡೆ ಕೆಳಗೆ ಜಿನ, ಅಕ್ಕಪಕ್ಕ ಚಾಮರದವರು. ಕೆಳಗಿನ ಅಂತಸ್ತಲ್ಲಿ ಒಬ್ಬ ಗುರು, ಎದುರಿಗೆ ಕೈಮುಗಿದ ಶಿಷ್ಯ ಅಥವಾ ಶಿಷ್ಯೆ, ಇಬ್ಬರ ಮಧ್ಯೆ ಪುಸ್ತಕ ಇಡೋ ಪೀಠ. ಅಂದ್ರೆ ಕೊನೇ ಗಳಿಗೆಯಲ್ಲಿ ಗುರು ಧರ್ಮ ಹೇಳ್ತಿದ್ದಾರೆ, ಸಾಯೋರು ಕೇಳ್ತಿದ್ದಾರೆ. ನವಿಲುಗರಿಯ ಪಿಂಛಿ, ಕಮಂಡಲು ಕಂಡ್ರೆ ಮುನಿ. ಸೀರೆ, ತುರುಬು, ಆಭರಣ ಕಂಡ್ರೆ ಗೃಹಸ್ಥ ಹೆಣ್ಣುಮಗಳು. ಬರೀ ಎರಡು ಪಾದ ಕೆತ್ತಿದ್ದರೂ ಅದು ನೆನಪಿನ ಗುರುತೇ.

ಇದನ್ನ ಕಲಿಯೋಕೆ ಶ್ರವಣಬೆಳಗೊಳದ ಚಿಕ್ಕಬೆಟ್ಟ, ಚಂದ್ರಗಿರಿಗಿಂತ ಒಳ್ಳೆ ಜಾಗ ಇಲ್ಲ. ಎಲ್ಲರೂ ಗೊಮ್ಮಟನ್ನ ನೋಡಿ ಇಳಿದು ಬಸ್ ಹತ್ಬಿಡ್ತಾರೆ, ಎದುರಿನ ಈ ಬೆಟ್ಟದ ಬಂಡೆ ಮೇಲೇ ಸುಮಾರು ಕ್ರಿ.ಶ. 600ರಿಂದ ಶುರುವಾಗಿ ಸಮಾಧಿ ಶಾಸನಗಳಿವೆ, ನಡೆಯೋವಾಗ ಕಾಲ ಕೆಳಗೇ ಇರ್ತವೆ, ರೇಲಿಂಗ್ ಹಾಕಿರೋ ಕಡೆ ಬಗ್ಗಿ ನೋಡಿ. ಮಹಾನವಮಿ ಮಂಟಪದಲ್ಲಿ ನಯಕೀರ್ತಿ ಮುನಿಯ ಕಂಬ ಇದೆ, ಅವ್ರು ಹೋಗಿದ್ದು 1176ರಲ್ಲಿ, ನಿಲ್ಸಿದ್ದು ಶಿಷ್ಯನಾಗಿದ್ದ ಮಂತ್ರಿ ನಾಗದೇವ. ಗಂಗರ ಎರಡನೇ ಮಾರಸಿಂಹನ ನೆನಪಿನ ಕೂಗೆ ಬ್ರಹ್ಮದೇವರ ಕಂಬನೂ ಇದೇ ಬೆಟ್ಟದಲ್ಲಿ.

7. ತಾನೇ ತಲೆ ಕೊಟ್ಟವರ ಕಲ್ಲು

ಇದು ಕಮ್ಮಿ ಸಿಗತ್ತೆ, ಸಿಕ್ಕಾಗ ಗುರುತು ಹಿಡೀರಿ. ಒಬ್ಬ ತನ್ನ ಕತ್ತಿಗೆ ತಾನೇ ಕತ್ತು ಕೊಡ್ತಿರ್ತಾನೆ, ಅಥವಾ ಕೂತಿರ್ತಾನೆ, ಬಗ್ಗಿಸಿದ ಬಿದಿರಿಗೆ ಜುಟ್ಟು ಕಟ್ಟಿರತ್ತೆ, ಕತ್ತು ಕಡಿದ ತಕ್ಷಣ ಬಿದಿರು ಸಿಡಿದು ತಲೆ ಮೇಲಕ್ಕೆ ಹಾರತ್ತೆ, ಅದು ಸಿಡಿತಲೆ. ದೇವರಿಗೆ ಹರಕೆಯಾಗಿಯೂ ಒಡೆಯನ ಜೊತೆ ಸಾಯ್ತೀನಿ ಅಂತ ಕೊಟ್ಟ ಮಾತಿಗಾಗಿಯೂ ಹೀಗೆ ಮಾಡ್ಕೊಂಡವ್ರಿದ್ರು. ಹೊಯ್ಸಳರಲ್ಲಿ ಅಂಥವರಿಗೆ ಗರುಡರು ಅಂತ ಹೆಸರು. ಹಳೇಬೀಡಿನ ಹೊಯ್ಸಳೇಶ್ವರ ದೇವಸ್ಥಾನದ ಪಕ್ಕ ಒಂದು ಕಂಬ ಇದೆ, ಎರಡನೇ ಬಲ್ಲಾಳನ ಜೊತೆ ಪ್ರಾಣ ಬಿಟ್ಟ ಕುವರ ಲಕ್ಷ್ಮನದು, ಅವನ ಹೆಂಡತಿನೂ ಜೊತೆಗಿದ್ದೋರೂ ಹಾಗೇ ಹೋದ್ರು. ಗೈಡುಗಳು ಎಷ್ಟೋ ಸಲ ಇದನ್ನ ಬಿಟ್ಬಿಡ್ತಾರೆ, ನೀವೇ ಕೇಳಿ ನೋಡಿ, ಕಂಬದ ಮೇಲೆ ಕತ್ತಿ ಹಿಡಿದು ತಮ್ಮ ತಲೆ ತಾವೇ ಕಡ್ಕೊಳ್ತಿರೋ ಗಂಡಸರ ಚಿಕ್ಕ ಚಿಕ್ಕ ಶಿಲ್ಪ ಇದೆ.

8. ಈಗ ಅಕ್ಷರಕ್ಕೆ ಬನ್ನಿ

ಪೂರ್ತಿ ಓದೋಕೆ ಬರದಿದ್ರೂ ಕೆಲವು ಮಾತು ಹಿಡಿಯೋಕಾಗತ್ತೆ. ಸ್ವಸ್ತಿ ಅಂತ ಶುರು, ಆಮೇಲೆ ಆಳ್ತಿದ್ದ ಅರಸ, ಶಕವರ್ಷ, ಸಂವತ್ಸರ. ಶಕವರ್ಷಕ್ಕೆ 78 ಕೂಡಿಸಿದ್ರೆ ಹೆಚ್ಚುಕಮ್ಮಿ ಕ್ರಿ.ಶ. ವರ್ಷ ಸಿಗತ್ತೆ. ಮಗಂ, ತಮ್ಮಂ ಅಂತ ಸಂಬಂಧ. ಕಾದಿ (ಹೋರಾಡಿ), ಇಱಿದು (ಚುಚ್ಚಿ), ಸತ್ತಂ, ಸುರಲೋಕಪ್ರಾಪ್ತನಾದ ಅಂತ ಸಾವು. ಕೊನೆಗೆ ಕಲ್ಲ ನಿಱಿಸಿದ ಅಂತ ನಿಲ್ಸಿದವರ ಹೆಸರು, ಅದು ಅಣ್ಣನೋ ಹೆಂಡತಿಯೋ ಊರವರೋ ಆಗಿರತ್ತೆ. ನಿಸಿಧಿಯಲ್ಲಾದ್ರೆ ಸಮಾಧಿ, ಸನ್ಯಸನ, ಮುಡಿಪಿದ ಅಂತ ಬರತ್ತೆ, ಅಂದ್ರೆ ವ್ರತ ಹಿಡಿದು ದೇಹ ಬಿಟ್ರು ಅಂತ.

ಇದರ ಜೊತೆ ಕಲ್ನಾಡು, ಬಾಳ್ಗಳ್ಚು, ನೆತ್ತರುಗೊಡಗೆ ಇಂಥ ಪದ ಕಂಡ್ರೆ ಸತ್ತವನಿಗಾಗಿ ಅಥವಾ ಅವನ ಮನೆಯವರಿಗೆ ಭೂಮಿ ಕೊಟ್ಟಿದ್ದಾರೆ ಅಂತ. ಯುದ್ಧದಲ್ಲಿ ಹೋದವನ ಸಂಸಾರವನ್ನ ಕೈಬಿಡ್ತಿರ್ಲಿಲ್ಲ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ. ಬಾಳ್ಗಳ್ಚು ಅನ್ನೋದು ಸುಮಾರು 450ರ ಹಲ್ಮಿಡಿ ಶಾಸನದಲ್ಲೇ ಇದೆ.

ಸಣ್ಣ ಕಲ್ಲಲ್ಲಿ ದೊಡ್ಡ ಸುದ್ದಿ ಇರತ್ತೆ ಅನ್ನೋದಕ್ಕೆ ಬೆಂಗಳೂರಿನ ಬೇಗೂರು ನೋಡಿ. ಅಲ್ಲಿನ ಪಂಚಲಿಂಗ ನಾಗೇಶ್ವರ ದೇವಸ್ಥಾನದ ವೀರಗಲ್ಲಿನಲ್ಲಿ ಬೆಂಗಳೂರು ಕಾಳಗದಲ್ಲಿ ಸತ್ತವರ ಮಾತು ಬರತ್ತೆ, ಸುಮಾರು ಕ್ರಿ.ಶ. 900ರದ್ದು, ಬೆಂಗಳೂರು ಅನ್ನೋ ಹೆಸರು ಸಿಕ್ಕಿರೋ ಹಳೇ ದಾಖಲೆ ಅದು. ಹೆಬ್ಬಾಳದಲ್ಲಿ 2018ರಲ್ಲಿ ಚರಂಡಿ ಕೆಲಸಕ್ಕೆ ಅಗೆಯೋವಾಗ ಸಿಕ್ಕ ಕಲ್ಲು ಇನ್ನೂ ಹಳೇದು, ಗಂಗರ ಶ್ರೀಪುರುಷನ ಕಾಲದ್ದು, ಸುಮಾರು 750, ಊರ ಮೇಲೆ ದಾಳಿ ಆದಾಗ ಹೋರಾಡಿ ಸತ್ತ ಕಿತ್ತಯ್ಯನ ಕಲ್ಲು.

ನಿಮ್ಮೂರಿನ ಕಲ್ಲನ್ನ ಯಾರಾದ್ರೂ ಆಗ್ಲೇ ಓದಿದ್ದಾರಾ ಅಂತ ತಿಳ್ಕೊಳ್ಳೋಕೆ ಶಾಸನಗಳನ್ನ ಓದಿ ಅಚ್ಚು ಹಾಕಿರೋ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳನ್ನ ನೋಡಿ, ಜಿಲ್ಲೆ ತಾಲ್ಲೂಕು ಊರಿನ ಹೆಸರಲ್ಲಿ ಜೋಡಿಸಿದ್ದಾರೆ, ಹಳೇ ಸಂಪುಟಗಳು ಆನ್‌ಲೈನಲ್ಲಿ ಫ್ರೀಯಾಗಿ ಸಿಗತ್ತೆ. ಆದ್ರೆ ಅಕ್ಷರ ಇಲ್ಲದ ಕಲ್ಲುಗಳು ಅದರಲ್ಲಿ ಬರಲ್ಲ, ಹಾಗಾಗಿ ನೀವು ದಾಖಲು ಮಾಡೋದಕ್ಕೆ ಬೆಲೆ ಇದೆ.

9. ಏನು ಮಾಡ್ಬಾರ್ದು

ಅಕ್ಷರ ಕಾಣ್ಲಿ ಅಂತ ಸೀಮೆಸುಣ್ಣ ಬಳಿಯೋದು, ಮೈದಾ ಹಿಟ್ಟು ತಿಕ್ಕೋದು, ಪೇಂಟಲ್ಲಿ ಅಕ್ಷರ ತುಂಬೋದು ಖಂಡಿತ ಬೇಡ. ಪೇಂಟ್ ತುಂಬೋರು ತಮಗೆ ತಿಳಿದಂಗೆ ತುಂಬ್ತಾರೆ, ಆಮೇಲೆ ಬರೋರು ತಪ್ಪೇ ಓದ್ತಾರೆ. ತಂತಿ ಬ್ರಷ್, ಆಸಿಡ್ ಹಾಕಿ ತೊಳೆದ್ರೆ ಸಾವಿರ ವರ್ಷ ಉಳಿದ ಗೆರೆ ಒಂದೇ ದಿನಕ್ಕೆ ಹೋಗತ್ತೆ. ಒಣ ಮೆತ್ತನೆ ಬ್ರಷಲ್ಲಿ ಧೂಳು ತೆಗೀರಿ, ಅಷ್ಟು ಸಾಕು. ಕಾಗದ ಒತ್ತಿ ಪಡಿಯಚ್ಚು ತೆಗೆಯೋದು ಕಲಿತವರ ಕೆಲಸ. ಹೂತಿರೋ ಭಾಗ ನೋಡೋಕೆ ಅಗೀಬೇಡಿ, ಕಲ್ಲು ಎತ್ತಿ ಬೇರೆ ಕಡೆ ಇಡಬೇಡಿ, ಅದು ನಿಂತಿರೋ ಜಾಗಾನೇ ಎಷ್ಟೋ ಸಲ ಕಾಳಗದ ಜಾಗ. ದೇವಸ್ಥಾನ ಜೀರ್ಣೋದ್ಧಾರ ಅಂತ ಇವನ್ನ ಮೆಟ್ಟಿಲಿಗೆ, ಚರಂಡಿಗೆ, ತಳಪಾಯಕ್ಕೆ ಹಾಕಿಬಿಡ್ತಾರೆ, ಅಂಥದ್ದು ಕಂಡ್ರೆ ಜಗಳ ಆಡೋ ಬದಲು ಕಮಿಟಿಯವರ ಹತ್ರ ಕೂತು ಅದರ ಕಥೆ ಹೇಳಿ. ಇವನು ನಿಮ್ಮೂರ ದನ ಬಿಡಿಸೋಕೆ ಹೋಗಿ ಸತ್ತವನು ಅಂತ ಗೊತ್ತಾದ್ರೆ ಜನ ತಾವೇ ಕಟ್ಟೆ ಕಟ್ಟಿ ನಿಲ್ಲಿಸ್ತಾರೆ.

10. ದಾಖಲು ಮಾಡೋದು

ಪೂರ್ತಿ ಕಲ್ಲಿನ ಒಂದು ಫೋಟೋ, ಪ್ರತಿ ಅಂತಸ್ತಿನದು ಬೇರೆ ಬೇರೆ, ಅಕ್ಷರ ಇರೋ ಪಟ್ಟಿಗಳದ್ದು ಹತ್ತಿರದಿಂದ, ಹಿಂಭಾಗ, ಪಕ್ಕ, ಸುತ್ತಲಿನ ಜಾಗ. ಒಂದು ಸ್ಕೇಲ್ ಇಟ್ಟು ತೆಗೀರಿ. ಎತ್ತರ, ಅಗಲ, ದಪ್ಪ, ಮೊಬೈಲಲ್ಲಿ ಲೊಕೇಶನ್, ಊರು, ತಾಲ್ಲೂಕು, ಯಾವ ದಿಕ್ಕಿಗೆ ಮುಖ, ಊರವ್ರು ಏನಂತ ಕರೀತಾರೆ, ಪೂಜೆ ಯಾವಾಗ. ಅಕ್ಷರ ಇದ್ದು ಯಾರೂ ಓದಿಲ್ಲ ಅನ್ಸಿದ್ರೆ ರಾಜ್ಯದ ಪುರಾತತ್ವ ಇಲಾಖೆಗೋ ಹತ್ತಿರದ ಯೂನಿವರ್ಸಿಟಿಯ ಇತಿಹಾಸ ವಿಭಾಗಕ್ಕೋ ಕಳಿಸಿ. ಬೆಂಗಳೂರು ಸುತ್ತಮುತ್ತ ಆದ್ರೆ ಮಿಥಿಕ್ ಸೊಸೈಟಿ ಅನ್ನೋ ಇತಿಹಾಸ ಅಧ್ಯಯನ ಸಂಸ್ಥೆಯವ್ರು ಶಾಸನಗಳನ್ನ 3ಡಿ ಸ್ಕ್ಯಾನ್ ಮಾಡ್ತಿದ್ದಾರೆ, ಬರಿಗಣ್ಣಿಗೆ ಕಾಣದ ಅಕ್ಷರನೂ ಅದರಲ್ಲಿ ಹೊರಬರತ್ತೆ.

ಕಣ್ಣು ಪಳಗಿಸ್ಕೊಳ್ಳೋಕೆ ಒಳ್ಳೆ ಜಾಗಗಳು ಅಂದ್ರೆ ಬೆಂಗಳೂರು ಸರ್ಕಾರಿ ಮ್ಯೂಸಿಯಂ, ಶಿವಮೊಗ್ಗದ ಶಿವಪ್ಪನಾಯಕನ ಅರಮನೆ ಅಂಗಳ, ಬಳ್ಳಿಗಾವಿಯ ಕೇದಾರೇಶ್ವರ, ಹಾನಗಲ್ಲಿನ ತಾರಕೇಶ್ವರ, ಗದಗ ಬೆಟಗೇರಿ, ಹಂಪಿ ಹತ್ರ ಕಮಲಾಪುರದ ಮ್ಯೂಸಿಯಂ. ಶಿವಮೊಗ್ಗದಲ್ಲಿ ಸಾಲಾಗಿ ನಿಲ್ಲಿಸಿದ್ದಾರೆ, ಒಂದು ಬೆಳಿಗ್ಗೆ ಪೂರ್ತಿ ಇಟ್ಕೊಳ್ಳಿ, ಬೋರ್ಡ್ ಓದೋಕೆ ಮುಂಚೆ ಪ್ರತಿ ಕಲ್ಲಿನ ಕೆಳಗಿನ ಅಂತಸ್ತು ನೋಡಿ ಇವನು ಯಾಕೆ ಸತ್ತ ಅಂತ ನೀವೇ ಹೇಳಿ ನೋಡಿ, ಆಮೇಲೆ ಬೋರ್ಡ್ ನೋಡಿ. ಮಕ್ಕಳಿದ್ರೆ ಕರ್ಕೊಂಡು ಹೋಗಿ, ದನ ಎಲ್ಲಿದೆ ಹುಡುಕು ಅಂದ್ರೆ ನಮಗಿಂತ ಮೊದ್ಲು ಅವ್ರೇ ಹುಡುಕ್ತಾರೆ.